ಅಮ್ಮನಿಗೊಬ್ಬ ಹೋಂ ನರ್ಸ್: ರಾತ್ರಿಯ ಲೆಕ್ಕ

2024ರ ಜುಲೈ ಎರಡನೆಯ ವಾರದಲ್ಲಿ, ಮಳೆ ಒಂದೇ ಸಮನೆ ಹೊಯ್ಯುತ್ತಿದ್ದ ಒಂದು ಬೆಳಿಗ್ಗೆ, ಉಡುಪಿ ಹತ್ತಿರದ ಕಟಪಾಡಿಯ ನಮ್ಮ ಮನೆಯಂಗಳದಲ್ಲಿ ಅಮ್ಮ ಜಾರಿ ಬಿದ್ದರು. ಪಾಚಿ ಹಿಡಿಯುವ ಅಂಗಳದಲ್ಲಿ ನಡೆದಾಡಲೆಂದು ಅಡಿಕೆ ದಬ್ಬೆಗಳನ್ನು ಹಾಸಿಯೇ ಇದ್ದೆವು. ತುಳಸಿಕಟ್ಟೆಯ ಹತ್ತಿರದ ನಾಲ್ಕು ಹೆಜ್ಜೆಗೆ ಮಾತ್ರ ದಬ್ಬೆ ಸಾಲದೆ ಹೋಗಿತ್ತು, ಬಿದ್ದದ್ದು ಅಲ್ಲಿಯೇ. 81 ವರ್ಷದ ಅಮ್ಮನಿಗೆ ತೊಡೆಯೆಲುಬು ಸೊಂಟಕ್ಕೆ ಸೇರುವ ಕಡೆ, ವೈದ್ಯರು ಎಲುಬಿನ ಕುತ್ತಿಗೆ ಎನ್ನುವ ಜಾಗದಲ್ಲಿ, ಮುರಿದಿತ್ತು. ಶಸ್ತ್ರಚಿಕಿತ್ಸೆ ಮಾಡಿ ಕೀಲಿನ ಅರ್ಧ ಭಾಗಕ್ಕೆ ಲೋಹದ ಗುಂಡು ಕೂರಿಸಿದರು. ಇನ್ನು ಮನೆಗೆ ಕರೆದುಕೊಂಡು ಹೋಗಬಹುದು ಎಂದು ಹೇಳಿದ ದಿನ ನನ್ನ ಎದುರಿಗಿದ್ದ ಪ್ರಶ್ನೆ ಯಾವ ಮನೆಗೆ ಎಂಬುದಲ್ಲ, ಯಾರ ಕೈಗೆ ಎಂಬುದಾಗಿತ್ತು.

ನಾನು ಮಂಗಳೂರಿನ ಕಾಲೇಜೊಂದರ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ನಮ್ಮದು ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಾಳಿಗೆ. ತಮ್ಮ ಮುಂಬಯಿಯಲ್ಲಿದ್ದಾನೆ. ಅಪ್ಪ ತೀರಿಕೊಂಡ ಮೇಲೂ ಒಬ್ಬರೇ ಇದ್ದ ಮನೆಯನ್ನು ಬಿಟ್ಟು ಬರಲು ಅಮ್ಮ ಒಪ್ಪಲಿಲ್ಲ, ಒಪ್ಪಿದ್ದರೂ ಅವರನ್ನು ಮೂರು ಮಾಳಿಗೆ ಹತ್ತಿಸುವವರು ಇರಲಿಲ್ಲ. ನಮ್ಮ ಕಡೆ ಇಂಥ ಹೊತ್ತಿನಲ್ಲಿ ನೆಂಟರು, ನೆರೆಯವರು, ಆಸ್ಪತ್ರೆಯ ಆಯಾ, ಎಲ್ಲರೂ ಹೇಳುವ ಮಾತು ಒಂದೇ: "ಒಂದು ಹೋಂ ನರ್ಸ್ ಇಡಿ." ತಮ್ಮ ಫೋನಿನಲ್ಲಿ, "ದುಡ್ಡಿನ ಯೋಚನೆ ಮಾಡಬೇಡ ಅಕ್ಕ, ಇಪ್ಪತ್ತನಾಲ್ಕು ಗಂಟೆಯೂ ಇರುವವರನ್ನೇ ನೋಡು" ಎಂದ. ಈ ಇಪ್ಪತ್ತನಾಲ್ಕು ಗಂಟೆ ಎಂಬ ಮಾತನ್ನು ನಾವಿಬ್ಬರೂ ಎಷ್ಟು ಸಲೀಸಾಗಿ ಆಡಿದೆವೆಂದರೆ, ಅದರೊಳಗೆ ಒಂದು ರಾತ್ರಿಯೂ ಇದೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಆಸ್ಪತ್ರೆಯ ವಾರ್ಡಿನಲ್ಲಿ ಒಬ್ಬರು ಚೀಟಿಯಲ್ಲಿ ಮೂರು ಏಜೆನ್ಸಿಗಳ ನಂಬರ್ ಬರೆದುಕೊಟ್ಟರು. ಮೂರು ಕಡೆಯೂ ಕೇಳಿದ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿದ್ದವು: ಪೇಷೆಂಟ್ ಗಂಡಸೋ ಹೆಂಗಸೋ, ತೂಕ ಎಷ್ಟು, ಟ್ಯೂಬ್ ಉಂಟಾ, ಪ್ಯಾಂಪರ್ಸಾ ಅಥವಾ ಬಾತ್‌ರೂಮಿಗೆ ಹೋಗುತ್ತಾರಾ, ಮನೆಯಲ್ಲಿ ಬೇರೆ ಯಾರಿದ್ದಾರೆ. ನಾನು ಕೇಳಿದ ಪ್ರಶ್ನೆಗಳೂ ಆ ಮಟ್ಟದವೇ: ಅಡುಗೆ ಬರುತ್ತದೆಯೇ, ನಂಬಿಕಸ್ಥರೇ, ಯಾವ ಊರಿನವರು. ಮೊದಲ ಇಬ್ಬರಲ್ಲಿ ಆಗ ಯಾರೂ ಖಾಲಿ ಇರಲಿಲ್ಲ. ಮೂರನೆಯವರು ದಿನಕ್ಕೆ 700 ರೂಪಾಯಿಯಂತೆ ಒಂದು ತಿಂಗಳ 21,000 ಮುಂಗಡ, ಅದರ ಮೇಲೆ 5,000 ಸರ್ವೀಸ್ ಚಾರ್ಜ್, ಅದು ಹಿಂದೆ ಸಿಗುವುದಿಲ್ಲ ಎಂದರು. ರಕ್ತ ಹೆಪ್ಪುಗಟ್ಟದಿರಲೆಂದು ಅಮ್ಮನ ಹೊಟ್ಟೆಯ ಚರ್ಮದಡಿಗೆ ಕೆಲವು ವಾರ ದಿನವೂ ಕೊಡಬೇಕಾಗಿದ್ದ ಇಂಜೆಕ್ಷನ್ನಿನ ಬಗ್ಗೆ ಕೇಳಿದಾಗ, "ಎಲ್ಲ ಮಾಡುತ್ತಾರೆ ಮೇಡಂ, ಟ್ರೈನಿಂಗ್ ಆಗಿದೆ" ಎಂಬ ಉತ್ತರ ಬಂತು.

ಇಲ್ಲಿ ಒಂದು ಮಾತನ್ನು ಹೇಳಿಬಿಡಬೇಕು. ಹೋಂ ನರ್ಸ್ ಎಂದು ನಾವು ಕರೆಯುವವರಲ್ಲಿ ಬಹುಮಂದಿ ನರ್ಸ್‌ಗಳಲ್ಲ. ಜಿಎನ್‌ಎಂ ಎಂಬುದು ನರ್ಸಿಂಗಿನ ಮೂರು ವರ್ಷದ ಡಿಪ್ಲೊಮಾ ವ್ಯಾಸಂಗ. ಅದನ್ನೋ ಬಿ.ಎಸ್ಸಿ. ನರ್ಸಿಂಗನ್ನೋ ಮುಗಿಸಿ ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿಕೊಂಡವರು ನರ್ಸ್. ಮನೆಗೆ ಬರುವವರು ಹೆಚ್ಚಾಗಿ ಮೈ ಒರೆಸುವುದು, ಊಟ ಮಾಡಿಸುವುದು, ಮಗ್ಗುಲು ಬದಲಿಸುವುದು, ಎಬ್ಬಿಸಿ ನಡೆಸುವುದು ಮುಂತಾದ ಆರೈಕೆಯನ್ನು ಕೆಲಸ ಮಾಡುತ್ತಲೇ ಕಲಿತವರು. ಆ ಕೆಲಸ ಸಣ್ಣದೆಂದು ನಾನು ಹೇಳುತ್ತಿಲ್ಲ, ಆದರೆ ಅವರ ಕೈಗೆ ಸಿರಿಂಜ್ ಕೊಡುವುದು ಅವರಿಗೂ ಅನ್ಯಾಯ, ಪೇಷೆಂಟಿಗೂ ಅಪಾಯ. ನಮ್ಮ ಮನೆಗೆ ಬಂದ ಹುಡುಗಿ ಮೊದಲ ದಿನವೇ, "ನನಗ ಸೂಜಿ ಮಾಡಾಕ ಬರಂಗಿಲ್ರಿ" ಎಂದು ನೇರವಾಗಿ ಹೇಳಿದಳು. ಏಜೆನ್ಸಿಗಿಂತ ಅವಳೇ ಪ್ರಾಮಾಣಿಕಳು ಎಂದು ನನಗೆ ಆ ಕ್ಷಣ ಅನ್ನಿಸಬೇಕಿತ್ತು. ಅನ್ನಿಸಿದ್ದು ಮೋಸ ಹೋದೆನೆಂದು. ಹತ್ತಿರದ ಕ್ಲಿನಿಕ್ಕಿನ ನರ್ಸ್ ಒಬ್ಬರು ದಿನವೂ ಸಂಜೆ ಬಂದು ಇಂಜೆಕ್ಷನ್ ಕೊಟ್ಟು ಹೋಗುವ ಏರ್ಪಾಡು ಮಾಡಿದೆ.

ಕರಾರುಪತ್ರ ಎರಡು ಪುಟದ್ದಿತ್ತು. ಏಜೆನ್ಸಿಯನ್ನು ಬಿಟ್ಟು ನೇರವಾಗಿ ಅವರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ, ಇಟ್ಟುಕೊಂಡರೆ ದಂಡ. ಪೇಷೆಂಟಿನ ಕೆಲಸ ಬಿಟ್ಟು ಮನೆಯವರ ಬಟ್ಟೆ, ಪಾತ್ರೆ ಎಂದು ಬೇರೆ ಕೆಲಸ ಹೇಳುವಂತಿಲ್ಲ. ಸರಿಹೋಗದಿದ್ದರೆ ಒಂದು ಸಲ ಬೇರೆಯವರನ್ನು ಕಳಿಸುತ್ತೇವೆ. ಅವರು ಯಾವಾಗ ಮಲಗಬೇಕು, ಎಷ್ಟು ಹೊತ್ತು ಮಲಗಬೇಕು ಎಂಬುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ನಾನು ಸಹಿ ಹಾಕಿದೆ. ಆಧಾರ್ ಪ್ರತಿ, ಎರಡು ಫೋಟೋ ತೆಗೆದುಕೊಂಡು ಠಾಣೆಗೂ ಕೊಟ್ಟು ಬಂದೆ. ಆ ಭಾಗ ಸುಲಭವಾಗಿಯೇ ಮುಗಿಯಿತು.

ಜುಲೈ 20ರ ಶನಿವಾರ ಬಂದವಳು ಗದಗ ಜಿಲ್ಲೆಯ ಹಳ್ಳಿಯ 24 ವರ್ಷದ ಹುಡುಗಿ. ಕೈಯಲ್ಲಿ ಒಂದೇ ಬ್ಯಾಗು. ಬಂದವಳೇ ಬ್ರಷ್ ಎಲ್ಲಿ ಇಡಲಿ ಎಂದು ಕೇಳಿದಳು. ಮನೆಯಲ್ಲಿ ಎರಡು ತಿಂಗಳಾದರೂ ಇರಬೇಕಾದವಳಿಗೆ ಒಂದು ಗೂಡನ್ನಾದರೂ ಖಾಲಿ ಮಾಡಿ ಇಡಬೇಕಿತ್ತೆಂದು ಆಗ ನೆನಪಾಯಿತು. ಅಮ್ಮನ ಮಂಚದ ಪಕ್ಕದಲ್ಲಿ ಚಾಪೆಯ ಮೇಲೆ ತೆಳುವಾದ ಹಾಸಿಗೆ ಹಾಸಿಕೊಟ್ಟೆ. ಎರಡು ದಿನ ಇದ್ದು ಎಲ್ಲವನ್ನೂ ತೋರಿಸಿದೆ: ಕುರ್ಚಿಯಾಗಲಿ ಕಮೋಡ್ ಆಗಲಿ ಮೊಣಕಾಲಿಗಿಂತ ಎತ್ತರವಿರಬೇಕು, ಅಮ್ಮ ನೆಲದ ಮೇಲೆ, ಮಣೆಯ ಮೇಲೆ ಕೂರಬಾರದು, ಕಾಲ ಮೇಲೆ ಕಾಲು ಹಾಕಬಾರದು, ಮಲಗಿದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಬೆನ್ನ ಕೆಳಭಾಗ ಕೆಂಪಾಗಿದೆಯೇ ನೋಡಬೇಕು. ಮಾತ್ರೆ, ಮೂತ್ರ, ಮಲ, ಊಟ ಎಲ್ಲವನ್ನೂ ಬರೆದಿಡಲು ಒಂದು ನೂರು ಪುಟದ ನೋಟ್‌ಬುಕ್ ಕೊಟ್ಟೆ. ಆಫೀಸಿನವಳಾದ್ದರಿಂದ ಲೆಕ್ಕ ಬರೆಸುವ ಚಪಲ ನನಗೆ ಮೊದಲಿನಿಂದಲೂ ಇದೆ. ರಾತ್ರಿ ನಾನು ಚಾವಡಿಯ ಆಚೆಯ ಕೋಣೆಯಲ್ಲಿ ಮಲಗಿದ್ದೆ. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ನನಗೇನೂ ಕೇಳಿಸಲಿಲ್ಲ. ಸೋಮವಾರ ನಸುಕಿನ ಬಸ್ಸಿಗೆ ಮಂಗಳೂರಿಗೆ ಹೊರಟಾಗ ಎಲ್ಲವೂ ಸರಿಯಾಯಿತು ಎಂದೇ ಅಂದುಕೊಂಡಿದ್ದೆ.

ಸರಿಯಾಗದ ಸಂಗತಿಗಳಲ್ಲಿ ಮೊದಲನೆಯದು ಊಟ. ನಮ್ಮ ಮನೆಯಲ್ಲಿ ಮೂರು ಹೊತ್ತೂ ಕುಚ್ಚಲಕ್ಕಿಯೇ, ಬೆಳಿಗ್ಗೆ ಗಂಜಿ, ಮಧ್ಯಾಹ್ನ ರಾತ್ರಿ ಅದೇ ದಪ್ಪ ಅನ್ನ. ಜೋಳದ ರೊಟ್ಟಿಯಲ್ಲಿ ಬೆಳೆದವಳಿಗೆ ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲವಂತೆ. ನನಗೆ ಹೇಳಲಿಲ್ಲ; ಪಕ್ಕದ ಮನೆಯ ಅತ್ತಿಗೆಗೆ ಹೇಳಿದ್ದಳು. ಎರಡನೆಯದು ಭಾಷೆ. ಆಸ್ಪತ್ರೆಯಲ್ಲಿ ಶುರುವಾದ ಗಲಿಬಿಲಿ ಅಮ್ಮನಿಗೆ ಇನ್ನೂ ಇಳಿದಿರಲಿಲ್ಲ. ವಯಸ್ಸಾದವರಿಗೆ ಶಸ್ತ್ರಚಿಕಿತ್ಸೆಯ ನಂತರ ಬರುವ ಇದನ್ನು ವೈದ್ಯರು ಡೆಲಿರಿಯಂ ಎನ್ನುತ್ತಾರೆ, ಕೆಲವರಿಗೆ ದಿನಗಳಲ್ಲಿ ಹೋಗುತ್ತದೆ, ಕೆಲವರಿಗೆ ವಾರಗಳೇ ಹಿಡಿಯುತ್ತವೆ, ಕತ್ತಲಾದಂತೆ ಹೆಚ್ಚುತ್ತದೆ. ಹಗಲಿನಲ್ಲಿ ಕನ್ನಡದಲ್ಲಿ ಚೆನ್ನಾಗಿಯೇ ಮಾತಾಡುತ್ತಿದ್ದ ಅಮ್ಮ ರಾತ್ರಿ ತುಳುವಿಗೆ ಮರಳುತ್ತಿದ್ದರು, ಮೂವತ್ತು ವರ್ಷದ ಹಿಂದೆ ಮಾರಿದ ದನ ಹಟ್ಟಿಗೆ ಬಂದಿಲ್ಲವೆಂದು ಏಳಲು ನೋಡುತ್ತಿದ್ದರು.

ಮೂರನೆಯದು ಕ್ಯಾಮೆರಾ. ತಮ್ಮ ಆನ್‌ಲೈನಿನಲ್ಲಿ ತರಿಸಿ, ಪರಿಚಯದ ಹುಡುಗನಿಂದ ಅಮ್ಮನ ಕೋಣೆಯ ಮೂಲೆಯಲ್ಲಿ ಹಾಕಿಸಿದ್ದ. ಅದು ಇದೆ ಎಂದು ಆ ಹುಡುಗಿಗೆ ಹೇಳಬೇಕೆಂದು ನಮಗಿಬ್ಬರಿಗೂ ತೋಚಲಿಲ್ಲ, ಅವಳು ನೋಡಿಯೇ ಇದ್ದಳು. ಜುಲೈ 29ರ ಸೋಮವಾರ ಬೆಳಿಗ್ಗೆ ಆರು ಗಂಟೆಗೆ ತಮ್ಮನಿಂದ ನನ್ನ ಫೋನಿಗೆ ಒಂದು ಚಿತ್ರ ಬಂತು. ಹಿಂದಿನ ಸಂಜೆ ನಾನು ಮಂಗಳೂರಿಗೆ ಹಿಂದಿರುಗಿದ್ದೆ. ಚಿತ್ರದ ಮೂಲೆಯಲ್ಲಿ ಸಮಯ 3.35 ಎಂದಿತ್ತು, ಅಮ್ಮ ಮಂಚದ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದಾರೆ, ಹುಡುಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕತ್ತು ವಾಲಿಸಿ ನಿದ್ದೆ ಹೋಗಿದ್ದಾಳೆ. ಬಿದ್ದಿದ್ದರೆ ಏನು ಗತಿ ಎಂಬ ಭಯಕ್ಕೆ ನನ್ನ ಕೈ ನಡುಗಿತು. ಆ ಭಯವನ್ನೇ ಸಿಟ್ಟಾಗಿ ಮಾಡಿಕೊಂಡು ಅವಳಿಗೆ ಫೋನ್ ಮಾಡಿ, "ಮಲಗುವುದಕ್ಕಾ ನಿಮಗೆ ತಿಂಗಳಿಗೆ 21,000 ಕೊಡುವುದು?" ಎಂದು ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆತ್ರಿ ಅಕ್ಕಾರ" ಎಂದಳು. ಅಮ್ಮನಿಗೆ ತಿಂಡಿ ಕೊಟ್ಟು, ಮಾತ್ರೆ ಕೊಟ್ಟು, ಪಕ್ಕದ ಮನೆಯ ಅತ್ತಿಗೆಯನ್ನು ಕರೆದು ಕೂರಿಸಿ, ಒಂಬತ್ತು ಗಂಟೆಯ ಹೊತ್ತಿಗೆ ಬ್ಯಾಗು ಹಿಡಿದು ಹೊರಟುಹೋದಳು.

ಎಕ್ಸ್‌ಪ್ರೆಸ್ ಬಸ್ಸು ಹಿಡಿದು ಹನ್ನೊಂದಕ್ಕೆ ಮನೆ ಮುಟ್ಟಿದಾಗ ಅಮ್ಮ ನಿದ್ದೆ ಹೋಗಿದ್ದರು. ಕಿಟಕಿಯ ಕಟ್ಟೆಯ ಮೇಲೆ ನೋಟ್‌ಬುಕ್ ಇತ್ತು. ಮಾತ್ರೆಯ ಸಮಯ ನೋಡೋಣವೆಂದು ತೆರೆದೆ. ಅವಳು ಹಗಲಿನದನ್ನು ಎಡಪುಟದಲ್ಲೂ ರಾತ್ರಿಯದನ್ನು ಬಲಪುಟದಲ್ಲೂ ಬರೆದಿದ್ದಳು. ಹಿಂದಿನ ರಾತ್ರಿಯ ಪುಟ ಹೀಗಿತ್ತು: "11.40 ಮೂತ್ರ. 1.05 ಎದ್ದು ಕುಂತರು, ನೀರು ಕೊಟ್ಟೆ. 1.50 ಮೂತ್ರ. 2.30 ಮನಿಗೆ ಹೋಗಬೇಕು ಅಂತ ಅತ್ತರು, ಕಾಲು ತಿಕ್ಕಿದೆ. 3.25 ಮೂತ್ರ, ಮಲಗಿಸಿದೆ." ಕೊನೆಯ ಸಾಲು ಗೆರೆ ಬಿಟ್ಟು ಕೆಳಗಿಳಿದು ಪುಟದ ಅಂಚಿಗೆ ತಾಗಿತ್ತು. ತಮ್ಮ ಕಳಿಸಿದ ಚಿತ್ರ ಅದಾದ ಹತ್ತು ನಿಮಿಷದ ನಂತರದ್ದು. ಹಿಂದಿನ ಪುಟಗಳನ್ನು ತಿರುವಿದೆ. ಒಂಬತ್ತು ರಾತ್ರಿಗಳಲ್ಲಿ ಅತಿ ಕಡಿಮೆಯೆಂದರೆ ನಾಲ್ಕು ಸಲ, ಹೆಚ್ಚೆಂದರೆ ಏಳು ಸಲ ಎದ್ದಿದ್ದಳು. ಎರಡು ಸಾಲುಗಳ ನಡುವೆ ಎರಡು ಗಂಟೆಯ ಬಿಡುವು ಎಲ್ಲಿಯೂ ಇರಲಿಲ್ಲ. ಎಡಪುಟಗಳಲ್ಲಿ ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗಿನ ಕೆಲಸ ತುಂಬಿಕೊಂಡಿತ್ತು. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಒಂದು ಪಟ್ಟಿ ಇತ್ತು: "ನೀರ್ ಬೋಡು: ನೀರು ಬೇಕು. ಬೊಡ್ಚಿ: ಬ್ಯಾಡ. ಬೇನೆ: ನೋವು. ಈ ಏರ್: ನೀ ಯಾರು."

ಕೊನೆಯದನ್ನು ಅಮ್ಮ ಅವಳಿಗೆ ಪ್ರತಿ ರಾತ್ರಿಯೂ ಕೇಳಿರಬೇಕು.

ಏಜೆನ್ಸಿಯವರು ನಾವೇ ಬೈದು ಕಳಿಸಿದ್ದೆಂದು ಹೇಳಿ ಬದಲಿಗೆ ಯಾರನ್ನೂ ಕಳಿಸಲಿಲ್ಲ; ಉಳಿದ 21 ದಿನದ 14,700 ರೂಪಾಯಿಯಲ್ಲಿ ಆರು ಫೋನಿನ ನಂತರ 10,000 ಹಿಂದೆ ಬಂತು. ಗಳಿಕೆ ರಜೆ ಹಾಕಿ ಅಮ್ಮನ ಪಕ್ಕದ ಅದೇ ಚಾಪೆಯಲ್ಲಿ ನಾನು ಮಲಗಿದೆ. 19 ರಾತ್ರಿ. ಮೊದಲ ಎರಡು ರಾತ್ರಿ ಮಗಳೆಂಬ ಉಮೇದು ಇತ್ತು. ಮೂರನೆಯ ದಿನ ಗ್ಯಾಸ್ ಉರಿಯುತ್ತಲೇ ಬಿಟ್ಟು ಬಂದು ಅಂಗಳದಲ್ಲಿ ನಿಂತಿದ್ದೆ. ಐದನೆಯ ರಾತ್ರಿ ಅಮ್ಮನ ಕೈ ಹಿಡಿದುಕೊಂಡು ಅದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತವಳು ಎಷ್ಟು ಹೊತ್ತಿಗೆ ನಿದ್ದೆ ಹೋದೆನೋ ಗೊತ್ತಿಲ್ಲ. ಎಚ್ಚರವಾದಾಗ ಅಮ್ಮ ವಾಕರ್ ಹಿಡಿದು ಒಬ್ಬರೇ ನಿಂತಿದ್ದರು. ಕ್ಯಾಮೆರಾ ಮೂಲೆಯಲ್ಲಿ ಇದ್ದೇ ಇತ್ತು. ತಮ್ಮನೂ ನೋಡಿರಬೇಕು. ಆ ಸಲ ಚಿತ್ರ ಕಳಿಸಲಿಲ್ಲ.

ಆಮೇಲೆ ನಾನು ಆ ಹುಡುಗಿಯ ನೋಟ್‌ಬುಕ್ಕನ್ನೇ ಮುಂದುವರಿಸಿದೆ, ಮತ್ತು ಬರೆಯುವುದಕ್ಕಷ್ಟೇ ಅಲ್ಲದೆ ಓದುವುದಕ್ಕೂ ಅದನ್ನು ಬಳಸಿದೆ. ಮೂತ್ರದ ಸಾಲುಗಳೇ ಹೆಚ್ಚು ಇದ್ದುದನ್ನು ವೈದ್ಯರಿಗೆ ತೋರಿಸಿದಾಗ ಅವರು ಮಾತ್ರೆಯ ಚೀಟಿ ಕೇಳಿದರು. ರಕ್ತದೊತ್ತಡಕ್ಕೆಂದು ಕೊಟ್ಟಿದ್ದ ನೀರು ಹೋಗುವ ಮಾತ್ರೆಯನ್ನು ನಾವು ರಾತ್ರಿಯ ಊಟದ ನಂತರದ ಡಬ್ಬಿಯಲ್ಲಿ ಹಾಕಿದ್ದೆವು. ಅಂಥ ಮಾತ್ರೆಯನ್ನು ಸಾಮಾನ್ಯವಾಗಿ ಬೆಳಿಗ್ಗೆ ಕೊಡುವುದೇ ರಾತ್ರಿ ಏಳಬೇಕಾಗಬಾರದೆಂದು. ಡಬ್ಬಿ ತುಂಬಿಸಿದ್ದು ನಾನು. ರಕ್ತ ಪರೀಕ್ಷೆ ಮಾಡಿಸಿದಾಗ ಸೋಡಿಯಂ ಕಡಿಮೆ ಬಂತು. ವಯಸ್ಸಾದವರಲ್ಲಿ ಅದೇ ಜಾತಿಯ ಮಾತ್ರೆಯಿಂದ ಹಾಗಾಗುವುದುಂಟು, ಸೋಡಿಯಂ ಇಳಿದರೆ ಗಲಿಬಿಲಿ ಹೆಚ್ಚುತ್ತದೆ ಎಂದು ವಿವರಿಸಿ ಮಾತ್ರೆಯನ್ನೇ ಬದಲಿಸಿದರು. ಮೂತ್ರದ ಸೋಂಕಿನಿಂದಲೂ ಹೀಗಾಗಬಹುದೆಂದು ಅದನ್ನೂ ಪರೀಕ್ಷಿಸಿದರು, ಇರಲಿಲ್ಲ. ಸಂಜೆಯ ಚಹಾವನ್ನು ನಾಲ್ಕಕ್ಕೆ ತಂದೆ, ಮಂಚದಿಂದ ಎರಡು ಹೆಜ್ಜೆಯ ದೂರಕ್ಕೆ ಕಮೋಡ್ ಕುರ್ಚಿ ಇಟ್ಟೆ, ರಾತ್ರಿ ಕರೆಂಟು ಹೋದರೂ ಆರದ ಒಂದು ಸಣ್ಣ ದೀಪ ಹಾಕಿಸಿದೆ, ಕಪಾಟಿನಲ್ಲಿ ಬಿದ್ದಿದ್ದ ಅಮ್ಮನ ಕನ್ನಡಕವನ್ನು ಹುಡುಕಿ ತಲೆದಿಂಬಿನ ಪಕ್ಕ ಇಟ್ಟೆ. ಹಗಲು ಮೂರು ಗಂಟೆ ಮಲಗಲು ಬಿಡುತ್ತಿದ್ದುದನ್ನು ಅರ್ಧ ಗಂಟೆಗೆ ಇಳಿಸಿ, ಚಾವಡಿಯ ಬೆಳಕಿನಲ್ಲಿ ಕೂರಿಸಿ ಹೂವು ಕಟ್ಟಲು ಕೊಟ್ಟೆ. ಎರಡು ವಾರದಲ್ಲಿ ಬಲಪುಟದ ಸಾಲುಗಳು ಆರರಿಂದ ಮೂರಕ್ಕೆ, ಕೆಲವು ರಾತ್ರಿ ಎರಡಕ್ಕೆ ಇಳಿದವು.

ಆ ನಡುವೆ, ತುಳುವರ ಮಳೆಗಾಲದ ತಿಂಗಳಾದ ಆಟಿಯ ಅಮಾವಾಸ್ಯೆಯೂ ಬಂತು. ಅಂದು ಕುಡಿಯುವ ರೂಢಿಯ, ನಸುಕಿಗೆ ತಂದ ಪಾಲೆ ಮರದ ಕೆತ್ತೆಯ ಕಷಾಯವನ್ನು ಕೊಡಲಿಲ್ಲವೆಂದು ಅಮ್ಮ ಹಗಲಿಡೀ ನನ್ನೊಡನೆ ಮಾತು ಬಿಟ್ಟರು. ಅಷ್ಟೊಂದು ಮಾತ್ರೆಗಳ ನಡುವೆ ಅದನ್ನು ಕೊಡಲು ನನಗೆ ಧೈರ್ಯ ಸಾಲಲಿಲ್ಲ. ಮೆಂತೆ ಗಂಜಿ ಮಾತ್ರ ಮಾಡಿಕೊಟ್ಟೆ. ಮಾತು ಬಿಡುವಷ್ಟು ನೆನಪು ಮರಳಿತಲ್ಲ ಎಂದು ಒಳಗೊಳಗೇ ಸಮಾಧಾನವೂ ಆಯಿತು.

ಆ ಹುಡುಗಿಯ ನಂಬರ್ ನೋಟ್‌ಬುಕ್ಕಿನ ರಟ್ಟಿನ ಮೇಲೆಯೇ ಇತ್ತು. ಫೋನ್ ಮಾಡಲು ನನಗೆ ಹತ್ತು ದಿನ ಬೇಕಾಯಿತು. ಅಷ್ಟರಲ್ಲಿ ಅವಳು ಕುಂದಾಪುರದ ಕಡೆಯ ಒಂದು ಮನೆಗೆ ಸೇರಿದ್ದಳು. ನೋಟ್‌ಬುಕ್ ಓದಿದೆ, ನಾನು ಹಾಗೆ ಮಾತಾಡಬಾರದಿತ್ತು ಎಂದೆ. "ಇರ್ಲಿ ಬಿಡ್ರಿ ಅಕ್ಕಾರ. ಅಮ್ಮಾರಿಗೆ ರಾತ್ರಿ ನಿದ್ದಿ ಬರತೈತೇನ್ರಿ ಈಗ?" ಎಂದು ಕೇಳಿದಳು. ನಾವು ಕೊಟ್ಟ ದಿನಕ್ಕೆ 700ರಲ್ಲಿ ಅವಳ ಕೈಗೆ ಸೇರಿದ್ದು 450 ಎಂಬುದೂ ಆ ದಿನವೇ ತಿಳಿಯಿತು.

ಎರಡನೆಯವರು ಸಿಕ್ಕಿದ್ದು ಔಷಧದಂಗಡಿಯ ಮೂಲಕ. ಮೆಡಿಕಲ್‌ನವರಿಗೆ ಊರಿನ ಯಾವ ಮನೆಯಲ್ಲಿ ಯಾರು ಮಲಗಿದ್ದಾರೆಂಬುದು ತಿಳಿದಿರುತ್ತದೆ; ಯಾವ ಮನೆಯವರು ಪ್ಯಾಂಪರ್ಸ್ ಒಯ್ಯುವುದನ್ನು ನಿಲ್ಲಿಸಿದರೆಂಬುದೂ ತಿಳಿದಿರುತ್ತದೆ. ಮುಲ್ಕಿಯ ಹತ್ತಿರದ ಮನೆಯೊಂದರಲ್ಲಿ ಮೂರು ವರ್ಷ ಒಬ್ಬ ಅಜ್ಜಿಯನ್ನು ನೋಡಿಕೊಂಡಿದ್ದವರು ಈಗ ಖಾಲಿ ಇದ್ದಾರೆ, ಬೆಳ್ಮಣ್ಣಿನ ಕಡೆಯವರು, ಮೊದಲು ಬೀಡಿ ಕಟ್ಟುತ್ತಿದ್ದರು ಎಂದು ಅಂಗಡಿಯವರು ಹೇಳಿದರು. ಫೋನ್ ಮಾಡಿದಾಗ ಅವರ ಮೊದಲ ಮಾತೇ, "ಆಟಿಯಲ್ಲಿ ನಾನು ಹೊಸ ಮನೆಗೆ ಕಾಲಿಡುವುದಿಲ್ಲ, ಸೋಣ ಸಂಕ್ರಮಣ ಕಳೆಯಲಿ" ಎಂಬುದು. ಆಟಿ ಮುಗಿದು ಸೋಣ ತಿಂಗಳು ಶುರುವಾಗುವವರೆಗೆ ಕಾಯುವುದೆಂದು ತೀರ್ಮಾನಿಸಿದೆ. ನನ್ನ 19 ರಾತ್ರಿಗಳ ಅರ್ಧ ಪಾಲು ಆಟಿಯ ಲೆಕ್ಕಕ್ಕೆ ಸೇರಬೇಕು.

ಸೇರುವ ಮೊದಲು ಮನೆ ನೋಡಿ ಹೋಗಲು ಒಂದು ಸಂಜೆ ಬಂದರು. 52 ವರ್ಷದ ಗಟ್ಟಿ ಹೆಂಗಸು. ನಾನು ಅವರನ್ನು ಪ್ರಶ್ನಿಸಬೇಕೆಂದು ಚೀಟಿ ಬರೆದುಕೊಂಡಿದ್ದೆ, ಆದರೆ ಪ್ರಶ್ನೆ ಕೇಳಿದ್ದೆಲ್ಲ ಅವರೇ. ಅಮ್ಮನನ್ನು ಎಬ್ಬಿಸಿ ನಡೆಸಿ ನೋಡಿದರು, ಮಂಚದ ಎತ್ತರ ನೋಡಿದರು, ತಾನು ಮಲಗುವುದು ಎಲ್ಲಿ ಎಂದು ಕೇಳಿದರು. ಚಾಪೆ ತೋರಿಸಿದಾಗ, "ನೆಲದಿಂದ ಹತ್ತು ಸಲ ಏಳಲು ನನ್ನ ಮೊಣಕಾಲಿಗೆ ಆಗುವುದಿಲ್ಲ, ಒಂದು ಮಂಚ ಹಾಕಿ" ಎಂದರು. ರಾತ್ರಿ ಎಷ್ಟು ಸಲ ಏಳುತ್ತಾರೆ ಎಂದು ಕೇಳಿದರು. ನೋಟ್‌ಬುಕ್ ಕೊಟ್ಟೆ. ಬೆರಳಿಟ್ಟು ಒಂದೊಂದೇ ಸಾಲನ್ನು ಎಣಿಸುತ್ತಾ ಹೋಗಿ, "ಎರಡು ಸಲ ಆದರೆ ಆಗ್ತದೆ. ಐದಾರು ಸಲ ಆದರೆ ಒಬ್ಬರಿಂದ ಆಗುವ ಕೆಲಸ ಅಲ್ಲ ಇದು, ಹಗಲಿನವರು ಬೇರೆ ರಾತ್ರಿಯವರು ಬೇರೆ ಇಡಿ" ಎಂದರು. ಏಜೆನ್ಸಿಯವರು ಕೇಳಬೇಕಾಗಿದ್ದ, ನಾನು ಕೇಳಬೇಕಾಗಿದ್ದ ಪ್ರಶ್ನೆ ಇದೊಂದೇ ಎಂದು ಈಗಲೂ ನನಗನ್ನಿಸುತ್ತದೆ. ಹೊರಡುವಾಗ ಮೂಲೆಯ ಕ್ಯಾಮೆರಾ ಕಡೆ ಗಲ್ಲವೆತ್ತಿ, "ಅದನ್ನು ಅಲ್ಲಿಂದ ತೆಗೀರಿ. ಅಮ್ಮನ ಬಟ್ಟೆ ಬದಲಿಸುವುದನ್ನು ಬೊಂಬಾಯಿಯಲ್ಲಿ ಕೂತು ಯಾರು ನೋಡಬೇಕು?" ಎಂದರು. ನಾವು ಆವರೆಗೆ ಕ್ಯಾಮೆರಾದಲ್ಲಿ ಆ ಹುಡುಗಿಯನ್ನು ಮಾತ್ರ ನೋಡಿದ್ದೆವು. ಅದರೊಳಗೆ ಅಮ್ಮನೂ ಇದ್ದರು. ಅದೀಗ ಚಾವಡಿಯ ಬಾಗಿಲ ಕಡೆ ಮುಖ ಮಾಡಿಕೊಂಡಿದೆ.

ಮಾತಾಡಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಒಂದೊಂದು ಪ್ರತಿ ಇಟ್ಟುಕೊಂಡೆವು. ಕರ್ನಾಟಕದಲ್ಲಿ ಮನೆಗೆಲಸವನ್ನು ಕನಿಷ್ಠ ವೇತನದ ವ್ಯಾಪ್ತಿಗೆ ತಂದದ್ದು 2004ರಲ್ಲೇ ಆದರೂ, ಮನೆಯಲ್ಲೇ ಉಳಿದು ಮಾಡುವ ಕೆಲಸದಲ್ಲಿ ದಿನ ಎಲ್ಲಿ ಮುಗಿಯುತ್ತದೆ ಎಂಬುದನ್ನು ಆಯಾ ಮನೆಯವರೇ ನಿರ್ಧರಿಸಿಕೊಳ್ಳುವಂತಾಗಿದೆ. ನಾವು ಮುಗಿಸಿದ್ದು ಹೀಗೆ: ತಿಂಗಳ ಒಂದನೆಯ ತಾರೀಕಿಗೆ ಅವರ ಖಾತೆಗೇ 20,000, ತಿಂಗಳಿಗೆ ನಾಲ್ಕು ದಿನ ರಜೆ, ಸಂಬಳ ಕಡಿತವಿಲ್ಲ, ಮಧ್ಯಾಹ್ನ ಎರಡರಿಂದ ಐದರವರೆಗೆ ಅವರ ಸಮಯ, ಮಲಗಲಿ, ಪೇಟೆಗೆ ಹೋಗಲಿ, ನಾವು ಕೇಳುವಂತಿಲ್ಲ, ಬುಧವಾರ ಮತ್ತು ಶನಿವಾರದ ರಾತ್ರಿ ಅಮ್ಮನ ಪಕ್ಕ ನಾನು ಮಲಗುವುದು, ಅವರು ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗುವುದು, ಒಂದು ವಾರ ಸತತವಾಗಿ ರಾತ್ರಿ ನಾಲ್ಕು ಸಲಕ್ಕಿಂತ ಹೆಚ್ಚು ಏಳುವಂತಾದರೆ ರಾತ್ರಿಗೆ ಬೇರೆಯವರನ್ನು ಹುಡುಕುವ ಹೊಣೆ ನನ್ನದು. ಮಧ್ಯಾಹ್ನದ ಆ ಮೂರು ಗಂಟೆಗೆ ಪಕ್ಕದ ಓಣಿಯ ಒಬ್ಬ ಹೆಂಗಸನ್ನು ತಿಂಗಳಿಗೆ 4,500ಕ್ಕೆ ಗೊತ್ತುಮಾಡಿದೆ.

ಇದನ್ನು ಕೇಳಿ ತಮ್ಮ, "ಒಬ್ಬ ಅಮ್ಮನಿಗೆ ಇಬ್ಬರಾ? ಅದರ ಮೇಲೆ ನೀನೂ ಹೋಗಬೇಕಾ?" ಎಂದ. ಪ್ಯಾಂಪರ್ಸ್, ಮಾತ್ರೆ, ಫಿಸಿಯೋದವರು ಎಲ್ಲ ಸೇರಿ ತಿಂಗಳ ಖರ್ಚು 30,000 ದಾಟುತ್ತಿತ್ತು, ಅವನ ಮಾತಿನಲ್ಲಿ ಅರ್ಥ ಇಲ್ಲದೆ ಇರಲಿಲ್ಲ. ವಾದ ಬೆಳೆಸದೆ ಚೌತಿಗೆ ಬಾ ಎಂದೆ. ಸೆಪ್ಟೆಂಬರಿನಲ್ಲಿ ಬಂದವನಿಗೆ ಶುಕ್ರವಾರ, ಶನಿವಾರ ಎರಡು ರಾತ್ರಿ ಅಮ್ಮನ ಕೋಣೆ ಬಿಟ್ಟುಕೊಟ್ಟೆ. ಭಾನುವಾರ ಬೆಳಿಗ್ಗೆ ಒಂಬತ್ತೂವರೆಯವರೆಗೆ ಮಲಗಿದ. ಖರ್ಚಿನ ಮಾತು ಮತ್ತೆ ಬರಲಿಲ್ಲ.

ಹಾಗೆಂದು ಎಲ್ಲವೂ ನೆಟ್ಟಗೆ ನಡೆಯಿತೆಂದು ಹೇಳಲಾರೆ. ಅಕ್ಟೋಬರಿನಲ್ಲಿ ಒಂದು ಬುಧವಾರ ನಾನು ಹೋಗುವಷ್ಟರಲ್ಲಿ ಅಮ್ಮನ ಕೂದಲು ಕುತ್ತಿಗೆಯ ಮಟ್ಟಕ್ಕೆ ಬಂದಿತ್ತು. ಮೊಣಕೈವರೆಗೆ ಇಳಿಯುತ್ತಿದ್ದ, ಬೆಳ್ಳಗಾದರೂ ದಪ್ಪ ಕಳೆದುಕೊಳ್ಳದ ಜಡೆ ಅದು. ಮಲಗಿ ಮಲಗಿ ಗಂಟು ಕಟ್ಟಿದೆ, ಬಾಚಿದರೆ ಅಮ್ಮನಿಗೆ ನೋವು, ಹಾಗಾಗಿ ಕತ್ತರಿಸಿದೆ ಎಂದು ಅವರು ನಿರಾಳವಾಗಿ ಹೇಳಿದರು. ಕತ್ತರಿಸಿದ ಜಡೆಯನ್ನು ಕಾಗದದಲ್ಲಿ ಸುತ್ತಿ ದೇವರ ಕೋಣೆಯ ಮಾಡದಲ್ಲಿ ಇಟ್ಟಿದ್ದರು. ನಾನು ಎರಡು ದಿನ ಅವರೊಡನೆ ಬೇಕಾದಷ್ಟೇ ಮಾತಾಡಿದೆ. ಅಮ್ಮ ಮಾತ್ರ ಕನ್ನಡಿ ನೋಡಿ, ಇದು ಯಾರ ತಲೆ ಎಂದು ಕೇಳಿ ನಕ್ಕರಂತೆ. ಹಾಳೆಗೆ ಇನ್ನೊಂದು ಸಾಲು ಸೇರಿತು: ಅಮ್ಮನ ಮೈಗೆ, ಉಡುಗೆಗೆ ಸಂಬಂಧಿಸಿದ ಬದಲಾವಣೆಗಳನ್ನು ಮೊದಲು ಅಮ್ಮನಲ್ಲಿ, ಆಮೇಲೆ ನನ್ನಲ್ಲಿ ಕೇಳುವುದು. ಟಿವಿಯ ಸದ್ದಿನ ಬಗ್ಗೆ ಮಾತ್ರ ಇನ್ನೂ ಒಪ್ಪಂದವಾಗಿಲ್ಲ.

ಈಗ ಅಮ್ಮ ವಾಕರ್ ಹಿಡಿದು, ಹೊಸದಾಗಿ ಒರಟು ಹಾಸುಕಲ್ಲು ಹಾಕಿಸಿದ ಅಂಗಳದಲ್ಲಿ ತುಳಸಿಕಟ್ಟೆಯವರೆಗೆ ಹೋಗಿಬರುತ್ತಾರೆ. ಯಾರೂ ಇಲ್ಲದ ಹೊತ್ತು ನೋಡಿ ಕಾಯಿ ತುರಿಯುವ ಮಣೆಯ ಮೇಲೆ ಕೂರಲು ಎರಡು ಸಲ ಪ್ರಯತ್ನಿಸಿದ್ದಾರೆ. ಮಣೆ ಈಗ ಅಟ್ಟದ ಮೇಲಿದೆ. ನೋಟ್‌ಬುಕ್ ಮೂರನೆಯದು ನಡೆಯುತ್ತಿದೆ. ಬಲಪುಟದಲ್ಲಿ ಹೆಚ್ಚಿನ ರಾತ್ರಿ ಎರಡೇ ಸಾಲು, ಬುಧವಾರ ಮತ್ತು ಶನಿವಾರದವು ನನ್ನ ಅಕ್ಷರದಲ್ಲಿ.

ಬರುವ ಮೇ ತಿಂಗಳಲ್ಲಿ ಅಮ್ಮನನ್ನು ನೋಡಿಕೊಳ್ಳುವವರ ಮಗಳ ಮದುವೆ, 12 ದಿನ ರಜೆ ಬೇಕೆಂದು ಈಗಲೇ ಹೇಳಿದ್ದಾರೆ. ಆ ದಿನಗಳಿಗೆ ಯಾರು ಎಂದು ಯೋಚಿಸುತ್ತಾ, ಹಳೆಯ ನೋಟ್‌ಬುಕ್ಕಿನ ರಟ್ಟಿನ ಮೇಲಿನ ನಂಬರಿಗೆ ಕಳೆದ ವಾರ ಫೋನ್ ಮಾಡಿದೆ. ಈಗ ಆ ಏಜೆನ್ಸಿಯನ್ನು ಬಿಟ್ಟಿದ್ದಾಳಂತೆ, ಕುಂದಾಪುರದ ಮನೆಯ ಕೆಲಸ ಏಪ್ರಿಲಿಗೆ ಮುಗಿಯುತ್ತದಂತೆ. ಸಂಬಳ ಎಷ್ಟೆಂದು ಅವಳು ಮೊದಲು ಕೇಳಲಿಲ್ಲ. "ರಾತ್ರಿ ಯಾರ ಇರ್ತೀರ್ರಿ ಅಕ್ಕಾರ?" ಎಂದು ಕೇಳಿದಳು. ಒಂದು ರಾತ್ರಿ ಬಿಟ್ಟು ಒಂದು ರಾತ್ರಿ ನಾನು ಎಂದೆ. ಊರಲ್ಲಿ ಅವ್ವನನ್ನು ಕೇಳಿ ಹೇಳುತ್ತೇನೆ ಎಂದಿದ್ದಾಳೆ. ಉಡುಪಿಯಲ್ಲಿ ಜೋಳದ ಹಿಟ್ಟು ಎಲ್ಲಿ ಒಳ್ಳೆಯದು ಸಿಗುತ್ತದೆಂದು ವಿಚಾರಿಸುತ್ತಿದ್ದೇನೆ.